ಉಬ್ಬೆಯ ಮೇಲಿನ ಗಂಟು

"ತಾಯಿ, ಪ್ರೀತಿ ಇರುವ ಕಡೆ ದರ ಏರಿಸಬಹುದೇ?"

ಕೇಳಿದವನು ಹಾಲೇಶ. ನೀರನ್ನು ರಭಸದಿಂದ ಚಿಮ್ಮಿಸಿ ತೊಳೆಯುವ ಯಂತ್ರವೇ ಅವನ ಜೀವನ. ಸಣ್ಣ ಗಾಡಿ, ಅದರ ಮೇಲೆ ಡೀಸೆಲ್ ಎಂಜಿನ್, ಟ್ಯಾಂಕು, ಉದ್ದನೆಯ ಪೈಪು. ಲಾರಿಗೆ ಕೆಸರು ಮೆತ್ತಿದರೂ ತಾರಸಿಗೆ ಪಾಚಿ ಕಟ್ಟಿದರೂ ಜನ ಅವನಿಗೇ ಫೋನು ಮಾಡುತ್ತಿದ್ದರು.

ಕೇಳಿಸಿಕೊಂಡವರು ಮುರಿಗವ್ವ ತಾಯಿ. ಬಂಡೆಯ ಮೇಲಿನ ಪುಟ್ಟ ಮಠದಲ್ಲಿ ಇರುವವರು, ಹಾಲೇಶನಂಥ ಕೆಲವರಿಗೆ ಗುರು. ಅಂದು ಎಡಗಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಕಾಲಿಗೆ ಏನಾಯಿತು ತಾಯಿ?"

"ಜಾರಿತು. ವಯಸ್ಸಾದ ಕಾಲಿಗೆ ಬೇರೇನು ಕೆಲಸ? ನೀನು ಪ್ರಶ್ನೆ ಮುಗಿಸು."

"ಡೀಸೆಲ್ ಏರುತ್ತಲೇ ಇದೆ ತಾಯಿ. ಲಾರಿ ಮಾಲೀಕರಿಗೆ, ಕಲ್ಯಾಣ ಮಂಟಪದವರಿಗೆ ಹೊಸ ದರ ಹೇಳಿಬಿಟ್ಟೆ. ಗೊಣಗಿದರು, ಕೊಟ್ಟರು. ಆದರೆ ಯಂತ್ರ ತಂದ ಹೊಸತರಲ್ಲಿ ನನ್ನನ್ನು ಕರೆದು ಕೆಲಸ ಕೊಟ್ಟ ಮನೆಗಳಿವೆ. ಈ ಮಠವೂ ಅವುಗಳಲ್ಲಿ ಒಂದು. ಅವರ ಬಾಗಿಲಲ್ಲಿ ನಿಂತರೆ ಹೊಸ ದರ ಗಂಟಲಲ್ಲೇ ಉಳಿಯುತ್ತದೆ. ಹಳೆಯ ದರಕ್ಕೇ ತೊಳೆಯುತ್ತಾ ಹೋದರೆ ಗಾಡಿ ಮಾರಬೇಕಾದೀತು. ಕೇಳಿದರೆ ಉಪಕಾರ ಮರೆತವನು ಅನ್ನಿಸಿಕೊಳ್ಳುತ್ತೇನೆ. ಯಾವುದು ಸರಿ?"

ತಾಯಿ ಕಾಲನ್ನು ಸ್ವಲ್ಪ ಸರಿಸಿ, ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಮಡಿವಾಳನಿದ್ದ. ವರ್ಷವಿಡೀ ಊರಿನ ಬಟ್ಟೆ ಒಗೆಯುತ್ತಿದ್ದ. ಸುಗ್ಗಿ ಬಂದಾಗ ಪ್ರತಿ ಮನೆಯವರೂ ಅವನಿಗೆ ಒಂದು ಮೊರ ಜೋಳ ಅಳೆದು ಕೊಡುತ್ತಿದ್ದರು.

ಆಗ ಬಟ್ಟೆಗೆ ಉಬ್ಬೆ ಹಾಕುತ್ತಿದ್ದರು. ದೊಡ್ಡ ಹರವಿಯಲ್ಲಿ ನೀರು, ಅದರ ಬಾಯಿಯ ಮೇಲೆ ಕೊಳೆ ಬಿಡಿಸುವ ಚೌಳುಮಣ್ಣಿನ ನೀರಲ್ಲಿ ಅದ್ದಿದ ಬಟ್ಟೆಗಳ ಒಟ್ಟಿಲು, ಅಡಿಯಲ್ಲಿ ಬೆಂಕಿ. ಹಬೆ ಕೆಳಗಿನ ಬಟ್ಟೆಯನ್ನು ಬೇಯಿಸಿ ಮೇಲಿನದಕ್ಕೆ ಏರುತ್ತದೆ. ತುತ್ತತುದಿಯ ಗಂಟಿನಿಂದ ಹಬೆ ಹೊರಟರೆ ಉಬ್ಬೆ ಮುಗಿಯಿತು ಎಂದು ಅರ್ಥ. ಅಲ್ಲಿಯವರೆಗೆ ಬೆಂಕಿ ಆರಿಸುವ ಹಾಗಿಲ್ಲ.

ಒಂದು ವರ್ಷ ಕಾಡಿಗೆ ಬೇಲಿ ಬಿತ್ತು. ಆಯ್ದು ತರುತ್ತಿದ್ದ ಸೌದೆಯನ್ನು ಕೊಂಡು ತರಬೇಕಾಯಿತು. ದಿನ ಹೋದಂತೆ ಅದರ ಬೆಲೆಯೂ ಏರಿತು.

ಮಡಿವಾಳ ಮನೆಮನೆಗೆ ಹೋಗಿ ಮೊರದ ಮೇಲೆ ಇನ್ನಷ್ಟು ಕೇಳಿದ. ರೈತ ಸೌದೆಯವನನ್ನು ಬೈದ. ಸಾಹುಕಾರ ಮಡಿವಾಳನನ್ನೇ ಬೈದ. ಬೈದು ಮುಗಿಸಿ ಇಬ್ಬರೂ ಒಪ್ಪಿದರು.

ಕೊನೆಗೆ ಉಳಿದದ್ದು ಸೂಲಗಿತ್ತಿಯ ಮನೆ. ಊರಿನ ಕೂಸುಗಳನ್ನೆಲ್ಲ ಹೆರಿಗೆ ಮಾಡಿಸಿ ಎತ್ತಿಕೊಂಡವಳು ಅವಳು. ಮಡಿವಾಳನ ಹೆಂಡತಿಯ ಹೆರಿಗೆ ಕಷ್ಟವಾದಾಗ ತಾಯಿಯನ್ನೂ ಮಗಳನ್ನೂ ಉಳಿಸಿಕೊಟ್ಟವಳು. ಮಡಿವಾಳ ಅವಳ ಬಾಗಿಲವರೆಗೆ ಹೋದ, ಅವಳು ಕೊಟ್ಟ ಮಜ್ಜಿಗೆ ಕುಡಿದ, ಹಾಗೇ ಹಿಂದಿರುಗಿದ. ಇವಳೊಬ್ಬಳ ಹತ್ತಿರ ಕೇಳಬಾರದು ಎಂದುಕೊಂಡ. ಹಾಗೆ ಅಂದುಕೊಂಡು ಅವನಿಗೆ ತನ್ನ ಮೇಲೆ ತನಗೇ ಸ್ವಲ್ಪ ಮೆಚ್ಚಿಕೆಯೂ ಆಯಿತು.

ಮುಂದಿನ ಉಬ್ಬೆಗೆ ಒಟ್ಟುವಾಗ ಹೆಚ್ಚು ಕೊಡಲು ಒಪ್ಪಿದವರ ಬಟ್ಟೆಯನ್ನು ಕೆಳಗಿಟ್ಟ. ಅದು ನ್ಯಾಯವೇ. ಸೂಲಗಿತ್ತಿಯ ಗಂಟು ತಾನಾಗಿ ಮೇಲಕ್ಕೆ ಹೋಯಿತು. ಹಬೆ ಅಲ್ಲಿಗೆ ಏರುವ ಮುಂಚೆಯೇ ಒಲೆಯಲ್ಲಿದ್ದ ಸೌದೆ ಮುಗಿಯುತ್ತಾ ಬಂತು. ಇನ್ನೊಂದು ಹೊರೆ ಬೆಂಕಿಗೆ ಹಾಕಬೇಕಿತ್ತು. ಮಡಿವಾಳ ಅದನ್ನು ಕೈಗೆತ್ತಿಕೊಂಡ, ನೋಡಿದ, ಕೆಳಗಿಟ್ಟ. ಆ ಗಂಟನ್ನು ಕೆರೆಯಲ್ಲಿ ಜೋರಾಗಿ ಕುಕ್ಕಿ ಒಗೆದು ಬಿಸಿಲಿಗೆ ಹರವಿದ. ಬೆಳ್ಳಗೆ ಕಂಡಿತು.

ಇಲ್ಲಿ ಹಾಲೇಶ ತಲೆ ತಗ್ಗಿಸಿದ. ಹಳೆಯ ದರದ ಮನೆಗಳಲ್ಲಿ ಅವನು ಎಂಜಿನ್ನನ್ನು ಸಣ್ಣದಾಗಿ ಓಡಿಸಿ, ಬೇಗ ಆರಿಸಿ ಬರುತ್ತಿದ್ದ. ಪ್ರಶ್ನೆ ಕೇಳುವಾಗ ಆ ಮಾತನ್ನು ಹೇಳಿರಲಿಲ್ಲ. ತಾಯಿ ಅವನತ್ತ ನೋಡಲಿಲ್ಲ. ಕತೆ ಮುಂದುವರಿಯಿತು.

ಸ್ವಲ್ಪ ದಿನ ಕಳೆದ ಮೇಲೆ ಸೂಲಗಿತ್ತಿ ಕೆರೆಯ ದಡಕ್ಕೆ ಬಂದಳು. ಕಂಕುಳಲ್ಲಿ ಅದೇ ಗಂಟು. ಮೈಮೇಲಿನ ಸೀರೆಗೆ ಅರ್ಧ ಸೆರಗೇ ಇಲ್ಲ.

"ಏನವ್ವಾ, ಸೆರಗು ಹರಿದುಹೋಗಿದೆ?" ಎಂದ ಮಡಿವಾಳ.

"ಹರಿದು ಹೋಗಿದ್ದಲ್ಲ ಕಣೋ, ನಾನೇ ಹರಿದಿದ್ದು. ಮುಂಜಾನೆ ಕುಂಬಾರರ ಮನೇಲಿ ಕೂಸು ಹುಟ್ಟಿತು. ಸುತ್ತೋಣ ಅಂತ ಗಂಟು ಬಿಚ್ಚಿದೆ. ಮೂಗಿನ ಹತ್ತಿರ ಹಿಡಿದೆ. ಬರೀ ಕೆರೆ ವಾಸನೆ. ಉಬ್ಬೆ ವಾಸನೆ ಎಲ್ಲೋ? ಬೇಯದ ಬಟ್ಟೇನ ಹಸಿ ಕೂಸಿಗೆ ಸುತ್ತೋಕಾಗುತ್ತಾ?"

ಮಡಿವಾಳನ ಕೈಯಲ್ಲಿದ್ದ ಬಟ್ಟೆ ನೀರಲ್ಲಿ ಉಳಿಯಿತು.

"ಕೂಸು?" ಎಂದ.

"ಕೂಸಿಗೇನು, ನನ್ನ ಸೆರಗಲ್ಲಿ ರಾಜನ ಹಾಗೆ ಮಲಗಿದೆ. ನೀನು ನನ್ನ ಮಾತಿಗೆ ಉತ್ತರ ಹೇಳು."

"ಸೌದೆ ತುಟ್ಟಿ ಆಯ್ತವ್ವಾ. ಎಲ್ಲರ ಹತ್ತಿರ ಹೆಚ್ಚು ಕೇಳಿದೆ. ನಿನ್ನ ಹತ್ತಿರ ಬಾಯಿ ಬರಲಿಲ್ಲ. ನನ್ನ ಮಗಳನ್ನು ಉಸಿರಾಡೋ ಹಾಗೆ ಮಾಡಿ ಕೈಗೆ ಕೊಟ್ಟೋಳು ನೀನು. ಹೆಂಗೆ ಕೇಳಲಿ?"

"ಸಾಹುಕಾರನ ಹತ್ತಿರ ಕೇಳಿದೆಯಾ?"

"ಕೇಳಿದೆ."

"ಏನಂದ?"

"ನನ್ನ ಅಪ್ಪ ಅಜ್ಜನ್ನೆಲ್ಲ ಸೇರಿಸಿ ಬೈದ. ಆಮೇಲೆ ಒಪ್ಪಿದ."

"ಅವನ ಪಂಚೆ ಇವತ್ತು ಹಾಲಿನಂಗೆ ಇದೆ. ನೋಡಿಕೊಂಡೇ ಬಂದೆ." ಸೂಲಗಿತ್ತಿ ಗಂಟನ್ನು ಕಲ್ಲಿನ ಮೇಲಿಟ್ಟು ಅದರ ಪಕ್ಕದಲ್ಲಿ ತಾನೂ ಕೂತಳು. "ನಾನೂ ಬೈತಿದ್ದೆ ಕಣೋ. ಅವನಿಗಿಂತ ಚೆನ್ನಾಗಿ ಬೈತಿದ್ದೆ. ಬೈದು ಸಾಕಾದ ಮೇಲೆ ಇದ್ದಿದ್ದರಲ್ಲಿ ಒಂದು ಬೊಗಸೆ ಹೆಚ್ಚಿಗೆ ಹಾಕ್ತಿದ್ದೆ. ಇಲ್ಲದಿದ್ದರೆ ಇಲ್ಲ ಅಂತಿದ್ದೆ, ಇಬ್ಬರೂ ಕೂತು ಏನೋ ಒಂದು ದಾರಿ ಹುಡುಕ್ತಿದ್ದೆವು. ಬೇಡದವರ ಮುಂದೆ ನಿಂತು ಜಗಳ ಆಡಿದೆ. ಬೇಕಾದವಳು ಅಂತ ನನಗೆ ಆ ಜಗಳಾನೂ ಕೊಡಲಿಲ್ಲವಲ್ಲೋ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಮಡಿವಾಳನಿಗೆ ಹಗುರವಾಗುತ್ತಿತ್ತು.

ಅವನು ಒಲೆ ಹೂಡಿದ. ಆ ಗಂಟನ್ನು ಬಿಚ್ಚಿ ಚೌಳಿನಲ್ಲಿ ಅದ್ದಿ ಹರವಿಯ ಬಾಯಿಗೆ ಇಟ್ಟ. ಅದರ ಮೇಲೆ ಬೇರೆ ಬಟ್ಟೆ ಇಡಲಿಲ್ಲ. ಸೂಲಗಿತ್ತಿ ಎದುರಿಗೆ ಕೂತು ಬೈಯಲು ಶುರು ಮಾಡಿದಳು. ಸೌದೆಯವನನ್ನು ಬೈದಳು, ಕಾಡಿಗೆ ಬೇಲಿ ಹಾಕಿದವರನ್ನು ಬೈದಳು, ಅವನ ಮೊಂಡುತನವನ್ನು ಬೈದಳು. ಅವನೂ ಬಿಡಲಿಲ್ಲ. ಇಷ್ಟು ವರ್ಷ ಇವಳು ಮೊರ ಅಳೆಯುವಾಗ ಹೆಬ್ಬೆರಳನ್ನು ಒಳಗಿಟ್ಟೇ ಅಳೆದಳು ಎಂದ. ಇಬ್ಬರೂ ನಕ್ಕರು. ಹಬೆ ಏರಿತು.

ಅಂದು ಕತ್ತಲಾಗುವ ಮುಂಚೆ ದಾರಿಯೂ ಸಿಕ್ಕಿತು. ಅವಳ ಮನೆಯಲ್ಲಿ ಹೆಚ್ಚಿನ ಜೋಳ ಇರಲಿಲ್ಲ. ಆದರೆ ಅವಳು ಹೆರಿಗೆ ಮಾಡಿಸಲು ಹೋಗುತ್ತಿದ್ದ ರೈತರ ಮನೆಗಳಲ್ಲಿ ತೊಗರಿ ಕಟ್ಟಿಗೆ ಬೇಕಾದಷ್ಟಿತ್ತು. ಅಲ್ಲಿಂದ ಮುಂದೆ ಅವಳು ಬಟ್ಟೆಯ ಗಂಟು ತರುವಾಗ ತಲೆಯ ಮೇಲೆ ಕಟ್ಟಿಗೆಯ ಹೊರೆಯೂ ಬರುತ್ತಿತ್ತು. ಹೊರೆ ಚಿಕ್ಕದಾಯಿತು ಎಂದು ಅವನು ಪ್ರತಿ ಸಲ ಗೊಣಗುತ್ತಿದ್ದ. ನಿನ್ನ ಕಣ್ಣು ಚಿಕ್ಕದು ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು. ಗಂಟಿನಲ್ಲಿ ಮತ್ತೆ ಕೆರೆಯ ವಾಸನೆ ಬರಲಿಲ್ಲ.

ಕತೆ ಮುಗಿಯಿತು. ಹಾಲೇಶ ತಲೆ ಎತ್ತಿದ.

"ಹಾಗಾದರೆ ಆ ಮನೆಗಳಿಗೆ ಹೋಗಿ ಕೇಳುತ್ತೇನೆ ತಾಯಿ," ಎಂದ. "ಯಾರಿಂದ ಶುರು ಮಾಡಲಿ?"

ತಾಯಿ ಕಂಬ ಹಿಡಿದು ಎದ್ದರು. ಜಗಲಿಯ ಕೆಳಗೆ ಮಠದ ಮೆಟ್ಟಿಲುಗಳು. ಹೋದ ವಾರ ಅವನೇ ತೊಳೆದು ಹೋದದ್ದು. ನಡುವೆ ಕಲ್ಲು ಬೆಳ್ಳಗಿತ್ತು. ಅಂಚಿನಲ್ಲಿ, ವಯಸ್ಸಾದವರು ಗೋಡೆ ಹಿಡಿದು ಕಾಲಿಡುವ ಕಡೆ, ಪಾಚಿ ಹಸಿರಾಗಿ ಹಾಗೇ ಇತ್ತು. ಒಂದು ಕಡೆ ಮಾತ್ರ ಆ ಹಸಿರಿನ ಮೇಲೆ ಕಾಲು ಜಾರಿದ ಗೆರೆ.

ಹಾಲೇಶ ಆ ಗೆರೆಯನ್ನು ನೋಡಿದ. ಸುತ್ತಿದ ಕಾಲನ್ನು ನೋಡಿದ.

"ಕೈ ಕೊಡು ಮಗಾ, ಇಳಿಯಬೇಕು; ಈ ಮೆಟ್ಟಿಲಿಗೆ ಎಷ್ಟಾಗುತ್ತದೆಂದು ಇಳಿಯುತ್ತಲೇ ಹೇಳು, ನಾನು ಬೈಯಲು ಸಿದ್ಧವಾಗಿದ್ದೇನೆ."

ಹಾಲೇಶ ಕೈ ಕೊಟ್ಟ. ಪಾಚಿ ಇದ್ದ ಬದಿಗೆ ತಾನು ನಿಂತ.