ಬಾಣಂತಿಯ ಬಚ್ಚಲಿನ ಕಿಂಡಿ

"ಗುರುಗಳೇ, ಮನೆಯವರ ಅಕ್ಕರೆಗೆ ಸೋತು ನಿಯಮವನ್ನು ತುಸು ಸಡಿಲಿಸಿ, ಜೊತೆಗೆ ಎಚ್ಚರಿಕೆಯ ಮಾತನ್ನೂ ಹೇಳಿದರೆ ಅದು ತಪ್ಪಾಗುತ್ತದೆಯೇ?"

ಕೇಳಿದವನು ಮಠದಲ್ಲಿ ರೋಗಿಗಳಿಗೆ ಔಷಧಿ ಕೊಡುವ ಶಿಷ್ಯ ಗುರುಬಸವ. ಸಕ್ಕರೆ ಕಾಯಿಲೆಯ ಮುದುಕರೊಬ್ಬರಿಗೆ ಹಬ್ಬದ ಹೋಳಿಗೆ ಬಡಿಸಬೇಕೆಂದು ಅವರ ಸೊಸೆ ಗೋಗರೆದಿದ್ದಳು. ಇವನು "ಆಗಲಿ, ಆದರೆ ಅರ್ಧ ಮಾತ್ರ" ಎಂದು ಹೇಳಿ ಬಂದಿದ್ದ. ಅಲ್ಲಿಂದೀಚೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಅವನ ಮುಖ ನೋಡಿ ನಕ್ಕರು. "ತಪ್ಪಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಬಂದಿದ್ದೀಯೆ. ಮೊದಲು ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಮನೆಗಳಿಗೆ ಗ್ಯಾಸ್ ಗೀಸರ್ ಕೂರಿಸುವವನೊಬ್ಬನಿದ್ದ. ಕೆಲಸದಲ್ಲಿ ಬಲು ಕಟ್ಟುನಿಟ್ಟು. ಒಳ್ಳೆಯವನು ಕೂಡ, ಅವನ ಕಷ್ಟವೆಲ್ಲ ಅದರಿಂದಲೇ ಹುಟ್ಟಿತು. ಒಬ್ಬ ವ್ಯಾಪಾರಿ ಅವನನ್ನು ಮನೆಗೆ ಕರೆಸಿದ. ವ್ಯಾಪಾರಿಯ ಮಗಳು ತವರಿನಲ್ಲಿ ಹೆತ್ತಿದ್ದಳು. ಬಾಣಂತಿಗೆ ದಿನವೂ ಹದವಾದ ಬಿಸಿನೀರು ಎರೆಯಬೇಕಾಗಿತ್ತು.

ಅವನು ಬಚ್ಚಲಿನ ಹೊರಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿದ. ಗೀಸರ್ ಬಚ್ಚಲಿನ ಹೊರಗಿರಬೇಕು, ಉರಿದ ಗಾಳಿ ಬಯಲಿಗೆ ಹೋಗಬೇಕು ಎನ್ನುವುದು ಅವನ ಕಸುಬಿನ ನಿಯಮ. ವ್ಯಾಪಾರಿಯ ಹೆಂಡತಿ ಅಡ್ಡ ಬಂದಳು.

"ಹೊರಗೆ ಬೇಡ ತಮ್ಮಾ. ಉರಿ ಹೆಚ್ಚು ಕಮ್ಮಿ ಮಾಡೋಕೆ ನಾನು ಪದೇ ಪದೇ ಬಾಗಿಲು ತೆಗೀಬೇಕಾಗುತ್ತೆ. ಹಸಿ ಬಾಣಂತಿ ಇವಳು, ಥಂಡಿ ಹತ್ತಿದ್ರೆ ಏನು ಗತಿ? ಒಳಗೇ ಕೂರಿಸು. ನಿನಗೂ ಅಕ್ಕತಂಗಿಯರಿಲ್ವಾ?"

ಅಕ್ಕತಂಗಿಯರ ಮಾತು ಬಂದ ಮೇಲೆ ಅವನ ಕಟ್ಟುನಿಟ್ಟು ಕರಗಿಹೋಯಿತು. "ಆಗಲಿ ಅವ್ವಾ" ಎಂದ. ಸಿಲಿಂಡರನ್ನು ಹೊರಗಿಟ್ಟು ಗೀಸರನ್ನು ಒಳಗೋಡೆಗೆ ಕೂರಿಸಿದ. ಪೈಪಿನ ಪ್ರತಿ ಸೇರುವೆಗೂ ಸಾಬೂನಿನ ನೊರೆ ಹಚ್ಚಿ ನೋಡಿದ. ಎಲ್ಲೂ ಗುಳ್ಳೆ ಏಳಲಿಲ್ಲ. ಹೊರಡುವಾಗ ಮೇಲಿನ ಗಾಳಿಕಿಂಡಿ ತೋರಿಸಿ, "ಇದನ್ನು ಮಾತ್ರ ಮುಚ್ಚಬೇಡಿ" ಎಂದ.

"ಆಗಲಿ ತಮ್ಮಾ" ಎಂದಳು ಆಕೆ. ಯಾಕೆಂದು ಅವಳು ಕೇಳಲಿಲ್ಲ. ಬಾಣಂತಿ ಇರುವ ಮನೆಯಲ್ಲಿ ಸಾವಿನ ಮಾತು ಹೇಗೆ ಎತ್ತುವುದೆಂದು ಅವನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ತಿಂಡಿಗೆ ಕೂತಾಗ ಹೆಂಡತಿ ಆ ಮನೆಯ ಸುದ್ದಿ ಕೇಳಿದಳು. ಬಾಣಂತಿಯ ಮಾತಿಗೆ ಅವಳಿಗೆ ತನ್ನ ತವರು ನೆನಪಾಯಿತು. "ನಮ್ಮವ್ವ ನನಗೆ ಎರೆಯೋವಾಗ ಕಿಟಕಿ, ಕಿಂಡಿ, ಸಂದಿಗೆಲ್ಲಾ ಹಳೇ ಸೀರೆ ತುರುಕಿಬಿಡೋಳು. ಎಳೆ ಗಾಳೀನೂ ಸೋಕಿಸ್ತಿರಲಿಲ್ಲ, ಪಾಪ" ಎಂದಳು.

ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ತಾನು ಬೈಕು ಹತ್ತಿದ್ದೂ ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಗ್ಯಾಸ್ ಸೋರಿದರೆ ವಾಸನೆ ಬಂದೀತು. ಮುಚ್ಚಿದ ಕೋಣೆಯಲ್ಲಿ ಉರಿ ಉರಿದು ಹುಟ್ಟುವ ವಿಷಗಾಳಿಗೆ ವಾಸನೆಯೇ ಇಲ್ಲ. ಆಕೆ ಕಿಂಡಿ ಮುಚ್ಚಿರಲಾರಳು, ಒಪ್ಪಿದ್ದಾಳಲ್ಲ, ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮನಸ್ಸು ನಂಬಲಿಲ್ಲ.

ಅಂಗಳದಲ್ಲಿ ವ್ಯಾಪಾರಿಯ ಹೆಂಡತಿ ಸಾಂಬ್ರಾಣಿ ಹಾಕಲು ಕೆಂಡಕ್ಕೆ ಗಾಳಿ ಬೀಸುತ್ತಿದ್ದಳು. ಮಗು ಪಡಸಾಲೆಯ ತೊಟ್ಟಿಲಲ್ಲಿತ್ತು. ಬಚ್ಚಲಿನ ಬಾಗಿಲು ಮುಚ್ಚಿತ್ತು, ಒಳಗೆ ನೀರು ಬೀಳುವ ಸದ್ದು.

"ಮಗಳು?" ಎಂದ.

"ಮೆಲ್ಲಗೆ ಮಾತಾಡು" ಎಂದು ಆಕೆ ನಕ್ಕಳು. "ಎರೆದಾಯ್ತು. ಇನ್ನೊಂಚೂರು ಬೆವರಲಿ ಅಂತ ಬಿಸಿನೀರು ಬಿಟ್ಟು ಅಲ್ಲೇ ಕೂರ್ಸಿದೀನಿ. ಎಣ್ಣೆನೀರಿಗೆ ಒಳ್ಳೆ ಜೊಂಪು ಹತ್ತಿದೆ, ಕರೆದ್ರೂ ಓ ಅನ್ನಲ್ಲ."

ಅವನು ಓಡಿ ಸಿಲಿಂಡರ್ ಬಂದ್ ಮಾಡಿದ. ಬಾಗಿಲು ಒದ್ದು ತೆರೆದು, ಮುಖ ತಿರುಗಿಸಿಕೊಂಡು, "ಸೀರೆ ಹೊದಿಸಿ ಹೊರಗೆ ಎಳೀರಿ ಅವ್ವಾ, ಅದು ನಿದ್ದೆ ಅಲ್ಲ!" ಎಂದು ಕಿರುಚಿದ. ಮಗಳು ಗೋಡೆಗೆ ಒರಗಿ ಬಿದ್ದಿದ್ದಳು. ಇಬ್ಬರೂ ಸೇರಿ ಅಂಗಳಕ್ಕೆ ಎಳೆದು ತಂದರು. ಅವನು ತಿರುಗಿ ನೋಡಿದಾಗ ಮೇಲಿನ ಕಿಂಡಿಯಲ್ಲಿ ಹಳೆಯ ಸೀರೆಯೊಂದನ್ನು ಒಪ್ಪವಾಗಿ ಮಡಚಿ ತುರುಕಲಾಗಿತ್ತು.

ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಮಗು ಹಸಿವಿಗೆ ಅತ್ತು ಅತ್ತು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. "ಗಾಳಿ ಸೋಕಬಾರದು ಅಂತ ಮುಚ್ಚಿದ್ನಲ್ಲಪ್ಪಾ" ಎಂಬ ಒಂದೇ ಮಾತನ್ನು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಅವಳ ಮುಂದೆ ನಿಲ್ಲಲಾರದೆ ಅವರ ಮನೆಗೆ ಹೋಗಿ ಗೀಸರನ್ನು ಕಿತ್ತು ಹೊರಗೋಡೆಗೆ ಕೂರಿಸಿದ. ಸೀಮೆಸುಣ್ಣದ ಗುರುತು ಅಲ್ಲಿ ಹಾಗೆಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಗುರುಬಸವ ನಿಟ್ಟುಸಿರು ಬಿಟ್ಟ.

"ಸದ್ಯ, ಜೀವ ಉಳಿಯಿತು. ಆದರೆ ಗುರುಗಳೇ, ಅವನು ಎಚ್ಚರಿಕೆ ಹೇಳಿಯೇ ಹೋಗಿದ್ದನಲ್ಲ? ಆ ತಾಯಿ 'ಆಗಲಿ' ಎಂದು ಒಪ್ಪಿ, ಮಾತು ಮೀರಿದಳಲ್ಲ?"

"ಹೌದು" ಎಂದರು ಗುರುಗಳು. "ಆದರೆ ಆ ಮನೆಯಲ್ಲಿ ಮೊದಲು 'ಆಗಲಿ' ಎಂದವರು ಯಾರು?"