ಕೆಂಚಗುಡ್ಡ ರುಮಾಲು ಬಿಚ್ಚುವ ಹೊತ್ತು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ, ಗಂಗೂ. ಆಗ ಗುಡ್ಡಗಳೂ ಮಾತಾಡುತ್ತಿದ್ದವು. ನಿನ್ನಷ್ಟೇ ಮಾತಾಡುತ್ತಿದ್ದವು ಅಂದರೆ ನೋಡು!

ಅಗೋ, ಆ ಕೆಂಚಗುಡ್ಡದ ತಲೆತುಂಬ ಆಗ ಹುಲ್ಲಿನ ಕೂದಲು. ಆ ಕೂದಲೊಳಗೆ ಒಂದು ನೆಲಗುಬ್ಬಿಯ ಗೂಡು. ಬೆಳಗಾದರೆ ಗುಬ್ಬಿ ಹಾಡುತ್ತಿತ್ತು, ಗುಡ್ಡ ಕೇಳುತ್ತಿತ್ತು. ಅದಕ್ಕೆ ಬೇರೇನೂ ಬೇಕಿರಲಿಲ್ಲ.

ಒಂದು ಬೇಸಿಗೆ ಗುಬ್ಬಿ, "ಮಳೆ ಬಿದ್ದ ಮೇಲೆ ಬರ್ತೀನಿ ಕೆಂಚಣ್ಣಾ, ನನ್ನ ಜಾಗ ಹಾಗೇ ಇಟ್ಟಿರು" ಅಂತ ಹೇಳಿ ಹಾರಿಹೋಯಿತು.

ಅದು ಅತ್ತ ಹೋಯಿತು, ಇತ್ತ ಗುಡ್ಡದ ನೆತ್ತಿಯ ಕೂದಲು ಉದುರತೊಡಗಿತು. ಇವತ್ತಿಷ್ಟು, ನಾಳೆ ಇನ್ನಷ್ಟು.

"ಅಪ್ಪಾ, ನನಗೇನಾಯ್ತು?" ಎಂದು ಪಕ್ಕದ ಹಿರೇಗುಡ್ಡವನ್ನು ಕೇಳಿತು.

"ಏನೂ ಆಗಿಲ್ಲ ಮಗಾ. ನನ್ನ ತಲೆ ನೋಡು. ನಿಮ್ಮಜ್ಜನದೂ ಹೀಗೇ ಇತ್ತು. ನಮ್ಮ ಮನೆತನದ ತಲೆಯೇ ಇಷ್ಟು."

ಕೆಂಚಗುಡ್ಡ ಕೇಳಬೇಕಲ್ಲ! ಪಕ್ಕದ ನಾಲ್ಕು ಕೂದಲನ್ನು ನೆತ್ತಿಯ ಮೇಲೆ ಎಳೆದು ಬಾಚು ಅಂತ ಗಾಳಿಗೆ ಗೋಗರೆಯಿತು. ನಿಮ್ಮಪ್ಪ ಕನ್ನಡಿ ಮುಂದೆ ಮಾಡ್ತಾನಲ್ಲ, ಹಾಗೇ. ನಗಬೇಡ! ಗಾಳಿ ಬಾಚಿತು. ಗಾಳಿ ನಿಂತ ಕೂಡಲೇ ಎಲ್ಲ ಮೊದಲಿನ ಹಾಗೇ.

"ಜಾಗ ಇಟ್ಟಿರು ಅಂದಿತ್ತಲ್ಲಾ, ಗುಬ್ಬಿಗೆ ಹೇಗೆ ಮುಖ ತೋರಿಸಲಿ?" ಎಂದು ಗುಡ್ಡ ಅತ್ತಿತು.

ಮೋಡಕ್ಕೆ ಕರುಳು ಚುರ್ರೆಂದಿತು. "ಅಳಬೇಡಪ್ಪಾ, ನಾನೇ ನಿನ್ನ ರುಮಾಲಾಗ್ತೀನಿ" ಎಂದು ಬೋಳುನೆತ್ತಿಯನ್ನು ಸುತ್ತಿಕೊಂಡು ಕೂತಿತು.

ಮಳೆ ಬಿತ್ತು. ಗುಬ್ಬಿ ಬಂತು.

"ಕೆಂಚಣ್ಣಾ, ಎಲ್ಲಿದ್ದೀಯೋ?"

ಕೆಳಗೆ ಬರೀ ಮೋಡ. ಗುಡ್ಡಕ್ಕೆ ಆ ದನಿ ಕೇಳಿಸಿತು. ಓಗೊಡಲಿಲ್ಲ. ಹಾಳು ನಾಚಿಕೆ! ಗುಬ್ಬಿ ಸುತ್ತಿತು, ಕರೆಯಿತು, ಮತ್ತೆ ಸುತ್ತಿತು. ರೆಕ್ಕೆ ಸೋತು ಹೊರಟೇಹೋಯಿತು.

ಆಮೇಲೆ ಗಾಳಿ ಬಂದು ಚೆನ್ನಾಗಿ ಬೈಯಿತು. "ನಿನ್ನ ತಲೆ ಬೋಳಾಗಿದೆ ಅಂತ ಗುಬ್ಬಿಗೆ ದಾರಿಯಲ್ಲೇ ಹೇಳಿದ್ದೆ ಕಣೋ. 'ಆದರೇನಂತೆ, ಎರಡು ಕಲ್ಲಿನ ಸಂದಿ ಸಾಕು ನನ್ನ ಗೂಡಿಗೆ' ಅಂದಿತ್ತಲ್ಲೋ ಅದು!"

ಗುಡ್ಡ ರುಮಾಲು ಕಿತ್ತೆಸೆದು, "ಗುಬ್ಬೀ! ಇಲ್ಲಿದ್ದೀನಿ!" ಎಂದು ಕೂಗಿತು. ಆಕಾಶ ಖಾಲಿಯಾಗಿತ್ತು.

ಹುಟ್ಟುಗುಣ, ನಾಚಿಕೆ ಪೂರ್ತಿ ಎಲ್ಲಿ ಹೋಗುತ್ತೆ ಹೇಳು? ಈಗಲೂ ಬೆಳಗ್ಗೆ ಎದ್ದ ಕೂಡಲೇ ಗುಡ್ಡ ರುಮಾಲು ಸುತ್ತಿಕೊಳ್ಳುತ್ತದೆ. ಆಮೇಲೆ ಗುಬ್ಬಿ ನೆನಪಾಗುತ್ತದೆ.

ಅದಕ್ಕೇ ಗಂಗೂ, ಬಿಸಿಲೇರಿ ನೆಲಗುಬ್ಬಿಗಳು ಹಾಡುತ್ತಾ ಮೇಲಕ್ಕೆ ಹಾರುವ ಹೊತ್ತಿಗೆ, ನೋಡು, ಕೆಂಚಗುಡ್ಡ ಮೋಡ ಬಿಚ್ಚಿಟ್ಟು ಬರಿತಲೆಯಲ್ಲಿ ಕಾಯುತ್ತಾ ನಿಂತಿರುತ್ತದೆ.