ಗಿರಿಮಲ್ಲನ ಕಡೀ ಕಾಳಗ

ಭಾಳ ಹಿಂದ, ತೆಗ್ಗಿನಹಾಳ ಅನ್ನೋ ಒಂದೂರಾಗ ಗಿರಿಮಲ್ಲ ಅಂತ ಒಬ್ಬಾಂವ ಇದ್ದನಂತ. ಯಾವ ಕಾಲ ಅಂತ ಕೇಳಬ್ಯಾಡ್ರೋ, ನಮ್ಮ ಮುತ್ತಜ್ಜಿಗೂ ಗೊತ್ತಿರಲಿಲ್ಲ. ಬಾಗಲದಾಗ ನಿಂತರ ಮನಿಯೊಳಗ ಕತ್ತಲಾಗತಿತ್ತಂತ. ಏರಿ ಕುಂತರ ಗಾಡಿ ಒಂದು ಕಡೆ ವಾಲತಿತ್ತಂತ. ಮುಷ್ಟಿ ಕಾಳಗದಾಗ ಅಂವನ ಮುಂದ ನಿಂತು ಗೆದ್ದಾಂವ ಒಬ್ಬನೂ ಇಲ್ಲಂತ. ನಗಬ್ಯಾಡ್ರೋ, ಖರೇನ ಹೇಳಾಕತ್ತೀನಿ!

ತೆಗ್ಗಿನಹಾಳಕ್ಕೂ ಬಾರಿಕೊಪ್ಪಕ್ಕೂ ನಡುವ ಒಂದು ಕೆರಿ. ವರ್ಷಕ್ಕೊಮ್ಮೆ ಎರಡೂ ಊರಿನ ಒಬ್ಬೊಬ್ಬ ಗಂಡಾಳು ಕೆರಿ ದಂಡಿಮ್ಯಾಲ ಕಾಳಗ ಆಡಬೇಕು. ಮೊದಲು ಕುಂತಾಂವ ಸೋತಂಗ. ಗೆದ್ದ ಊರಿನ ಹೊಲಕ್ಕ ಮೊದಲ ನೀರು. ಮುಷ್ಟಿಗೆ ಒದ್ದಿ ಅರಿವಿ ಸುತ್ತಬೇಕು, ಆದ್ರ ತಮ್ಮೋರು ಸುತ್ತಂಗಿಲ್ಲ, ಎದುರಾಳಿ ತಾಯಿನೇ ಸುತ್ತಬೇಕು. ಒಳಗ ಕಲ್ಲುಗಿಲ್ಲು ಇಟ್ಟಾರು ಅಂತ!

ಗಿರಿಮಲ್ಲ ವರ್ಷಾ ವರ್ಷಾ ಗೆಲ್ಲತಿದ್ದನಂತ. ಒಂದು ವರ್ಷ ಬಾರಿಕೊಪ್ಪದ ಚಂದವ್ವನ ಹಿರೀಮಗ ಅಂವನ ಒಂದೇ ಏಟಿಗೆ ಬಿದ್ದಾಂವ ಏಳಲೇ ಇಲ್ಲ. ಅಯ್ಯ ಶಿವನೇ! ಗಿರಿಮಲ್ಲ ತಾನೇ ಅಂವನ್ನ ಹೊತಗೊಂಡು ಹೋಗಿ, ಚಂದವ್ವನ ಅಂಗಳದಾಗ ಮಲಗಿಸಿ, ಅಲ್ಲೇ ಕುಂತು ಅತ್ತನಂತ.

ಮರುವರ್ಷ ಅಣ್ಣನ ಸೇಡು ತೀರಸ್ತೀನಿ ಅಂತ ಅಕಿ ಉಳದ ಮಗ ಭೀಮಶಿ ಬಂದು ನಿಂತ. ಅಂದಮ್ಯಾಲ ಗಿರಿಮಲ್ಲನ ಕೈಗೆ ಅರಿವಿ ಸುತ್ತಾಕಿ ಯಾರು? ಚಂದವ್ವನೇ! ಮಗನ್ನ ಕೊಂದ ಕೈ ಅದು. ಅಕಿ ಅದನ್ನ ತೊಡಿಮ್ಯಾಲ ಇಟ್ಕೊಂಡು, ಕೂಸಿಗೆ ಕುಂಚಿಗಿ ಕಟ್ಟಿದಂಗ ಸಾವಕಾಶ ಸುತ್ತಿದಳಂತ. "ಇಂವನ ಬಿಟ್ರ ನನಗ ಯಾರೂ ಇಲ್ಲೋ ಯಪ್ಪಾ" ಅಂದಳಂತ. ಅಷ್ಟೇ.

ಹೊಡದರ ಆ ತಾಯಿ ಮಡಿಲು ಬರಿದು, ಕುಂತರ ತನ್ನೂರಿನ ಬೆಳಿ ಒಣಗತದ. ಏನು ಮಾಡಬೇಕು ಹೇಳ್ರಿ? ಗಿರಿಮಲ್ಲ ಕೈ ಇಳಿಬಿಟ್ಟು ಸುಮ್ಮ ನಿಂತ. ಭೀಮಶಿ ಹೊಡದ, ಹೊಡದ, ಹೊಡದೇ ಹೊಡದ. ಬಿಸಿಲು ಕೆಂಪಾತಂತ, ಕೆರಿ ನೀರು ಅಲುಗಲಿಲ್ಲಂತ, ಹಕ್ಕಿ ಹಾರೋದ ಮರತು ಗಾಳ್ಯಾಗೇ ನಿಂತವಂತ. ಕಡೀಕ ಭೀಮಶಿನೇ ಕೈ ಸೋತು, ಅಳಕೋತ ಕುಂತಬಿಟ್ಟ. ತೆಗ್ಗಿನಹಾಳ ಗೆದ್ದಿತು. ಗೆದ್ದಾಂವ ಅದನ್ನ ನೋಡಲಿಲ್ಲ. ಅಂವನ ಎರಡೂ ಕಣ್ಣು ಹೋಗಿದ್ದವು.

ಮರುದಿನ ಮುಂಜಾನೆ ಭೀಮಶಿ ಅಂವನ ಮನೀಗೆ ಬಂದು, ಕಾಕಾ, ಎಲ್ಲಿಗೆ ಹೋಗೂನು ಅಂತ ಕೇಳಿದನಂತ. ಆವತ್ತಿನಿಂದ ಗಿರಿಮಲ್ಲ ಸಾಯೋತನಕ ಅಂವನ ಕೈ ಹಿಡದು ಓಡ್ಯಾಡಿಸಿದನಂತ.

ಈಗ ಕಾಳಗ ಇಲ್ಲ. ನೀರು ಹಂಚಿಕೋತೀವಿ. ಆದ್ರ ಕಾಳಗದ ಆ ದಿನ ಬಂತಂದ್ರ ಬಾರಿಕೊಪ್ಪದ ಗಂಡಮಕ್ಕಳು ನಮ್ಮೂರಿಗೆ ಬರತಾರ. ಕಣ್ಣು ಕಾಣದ ಮುದುಕ ಮುದುಕೇರನ್ನ ಕೈ ಹಿಡದು, ಅವರು ಹೇಳಿದಲ್ಲಿಗೆ ಕರಕೊಂಡು ಹೋಗತಾರ. ನನ್ನ ಕಣ್ಣು ಇನ್ನೂ ಚಲೋ ಅದಾವ. ಆದ್ರೂ ಹೋದ ವರ್ಷ, ಏನೂ ಕಾಣಂಗಿಲ್ಲೋ ತಮ್ಮಾ ಅಂತ ಸುಳ್ಳು ಹೇಳಿ, ಕೈ ಮುಂದ ಮಾಡಿದೆ.